ಇಟ್ಟುಕೊಳ್ಳುವ ಚೀಲ

ಎರಡೂ ಒಂದೇ ಬಣ್ಣ ಎಂದು ಬಣ್ಣದ ಕಡಾಯಿಯವನು ಹಟ ಹಿಡಿದು ನಿಂತಿದ್ದ. ಬೆಳಕಿನ ಪೆಟ್ಟಿಗೆಯೊಳಗೆ ಅಂಗೈ ಅಗಲದ ಎರಡು ಬಟ್ಟೆತುಂಡುಗಳು ಅಂಚಿಗೆ ಅಂಚು ತಾಗಿಸಿಕೊಂಡು ಬಿದ್ದಿದ್ದವು. ಒಂದು ಗಿರಾಕಿ ಕಳಿಸಿದ ಮಾದರಿ, ಇನ್ನೊಂದು ಬೆಳಿಗ್ಗೆ ಕಡಾಯಿಯಿಂದ ಇಳಿದದ್ದು. ಶೇಡಪ್ಪ ಬಿಳಿ ದೀಪದ ಗುಂಡಿ ಒತ್ತಿದ. ಅಂಚು ಮಾಯವಾಯಿತು. ಹಳದಿ ದೀಪದ ಗುಂಡಿ ಒತ್ತಿದ. ಅಂಚು ಮತ್ತೆ ಎದ್ದು ಕಂಡಿತು. ಕಡಾಯಿಯ ತುಂಡು ಕೂದಲೆಳೆಯಷ್ಟು ಕೆಂಪಿಗೆ ವಾಲಿತ್ತು. ಬಟ್ಟೆಗೆ ಬಣ್ಣ ಹಾಕುವ ಈ ಕಾರ್ಖಾನೆಯಲ್ಲಿ ಅವನ ಕೆಲಸ ಇಷ್ಟೇ, ಒಪ್ಪಿತು ಅಥವಾ ಒಪ್ಪಲಿಲ್ಲ ಎಂದು ಹೇಳುವುದು. ಅದಕ್ಕೇ ಎಲ್ಲರ ಬಾಯಲ್ಲಿ ಅವನು ಶೇಡಪ್ಪ.

"ಕೆಂಪು ಹೊಡೀತಿದೆ," ಅಂದ.

"ಎಲ್ಲಯ್ಯಾ? ಈಚೆಗೆ ನಿನ್ನ ಕಣ್ಣಿಗೆ ಎಲ್ಲದ್ರಲ್ಲೂ ಕೆಂಪೇ ಕಾಣುತ್ತೆ," ಎಂದುಬಿಟ್ಟ ಕಡಾಯಿಯವನು, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು ನೆಲ ನೋಡಿದ. "ಹಂಗಲ್ಲ, ನಾನು ಏನೋ... ಬಿಡು. ಇನ್ನೊಂದ್ಸಲ ಹಾಕ್ತೀನಿ." ಬಟ್ಟೆಯನ್ನು ಕಿತ್ತುಕೊಂಡು ಹೊರಟೇ ಹೋದ. ಎಂದೂ ಸೋಲೊಪ್ಪದ ಮನುಷ್ಯ ಇಷ್ಟು ಸಲೀಸಾಗಿ ಸೋತದ್ದು ಶೇಡಪ್ಪನಿಗೆ ಹಿಡಿಸಲಿಲ್ಲ. ಕಾಯಿಲೆ ಬಂದಾಗಿನಿಂದ ಎಲ್ಲರೂ ಅವನ ಹತ್ತಿರ ಸೋಲುತ್ತಿದ್ದರು. ಜಗಳಕ್ಕೂ ಲಾಯಕ್ಕಿಲ್ಲದವನಾಗಿಬಿಟ್ಟೆ ಅನ್ನಿಸಿತು.

ಪೆಟ್ಟಿಗೆಯ ದೀಪ ಆರಿಸಿ ಕೂತ. ಕಿಬ್ಬೊಟ್ಟೆಯ ಚರ್ಮ ಅಂಗಿಯೊಳಗೆ ಉರಿಯುತ್ತಿತ್ತು. ಕೆಂಪು ಹೊಡೆಯುವುದು ಎಂಬ ಮಾತನ್ನು ಇಲ್ಲಿ ದಿನಕ್ಕೆಷ್ಟು ಸಲ ಆಡಿದ್ದಾನೋ, ಆದರೆ ಮೊದಲ ಸಲ ತನ್ನ ಮೂತ್ರದಲ್ಲೇ ಕೆಂಪು ಕಂಡ ಹೊತ್ತಿನಲ್ಲಿ ಅದು ಬಾಯಿಗೆ ಬರಲಿಲ್ಲ. ಇದೇ ಕಾರ್ಖಾನೆಯ ಹಿಂದಿನ ಪಾಯಿಖಾನೆ, ಕಿಟಕಿಯ ಗಾಜು ಒಡೆದಿದ್ದರಿಂದ ನೇರ ಬಿಸಿಲು ಬೀಳುವ ಜಾಗ, ಬಿಳಿ ಪಿಂಗಾಣಿಯ ಮೇಲೆ ತೀರ ತೆಳ್ಳಗಿನ ಗುಲಾಬಿ. ಬೇರೆ ಯಾರಾದರೂ ಆಗಿದ್ದರೆ ಕಾಣುತ್ತಲೇ ಇರಲಿಲ್ಲವೇನೋ. ಕೈಯ ಬಣ್ಣ ತೊಳೆದು ಹೋಗಿರಬೇಕು ಅಂದುಕೊಂಡ. ಆದರೆ ಬಣ್ಣ ನೀರಿಗೆ ಬಿಟ್ಟುಕೊಳ್ಳುವ ರೀತಿಯೇ ಬೇರೆ ಎಂದು ಗೊತ್ತಿದ್ದವನು ಅವನೇ. ನೋವಿರಲಿಲ್ಲ. ನೋವಿಲ್ಲದ್ದು ಕಾಯಿಲೆಯೇ ಅಲ್ಲ ಎಂಬ ನ್ಯಾಯ ಹೂಡಿ ನೀರು ಬಿಟ್ಟ. ಮತ್ತೆ ಕಂಡಾಗ ಬೀಟ್ರೂಟ್ ಅಂದುಕೊಂಡ. ಆಮೇಲೆ ದೀಪ ಹಾಕದೆಯೇ ಹೋಗುವುದನ್ನು ಅಭ್ಯಾಸ ಮಾಡಿಕೊಂಡ. ಊರಿನ ಬಟ್ಟೆಯಲ್ಲೆಲ್ಲ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು ತನ್ನ ಮನೆಯ ಪಾಯಿಖಾನೆಯ ದೀಪ ಹಾಕಲು ಹೆದರುತ್ತಿದ್ದ. ಕೊನೆಗೆ ಒಂದು ದಿನ ಹೆಂಡತಿ ದೀಪ ಹಾಕಿದಳು. ಅವನು ನೀರು ಬಿಡುವುದನ್ನು ಮರೆತಿದ್ದ. ಅವಳು ಹೊರಗೆ ಬಂದು, "ಎಷ್ಟು ದಿನದಿಂದ?" ಎಂದಷ್ಟೇ ಕೇಳಿದ್ದಳು. "ಈಗಲೇ," ಎಂದು ಸುಳ್ಳು ಹೇಳಿದ್ದ. ಅವಳು ನಂಬಿರಲಿಲ್ಲ. ನಂಬಲಿಲ್ಲ ಎಂದು ಇವತ್ತಿಗೂ ಬಾಯಿ ಬಿಟ್ಟು ಹೇಳಿಲ್ಲ.

ಇವತ್ತು ಮಧ್ಯಾಹ್ನ ಆಸ್ಪತ್ರೆಗೆ ಹೋಗಬೇಕು. ದೊಡ್ಡ ಡಾಕ್ಟರಮ್ಮ ವಿವರವಾಗಿ ಮಾತಾಡುತ್ತಾರಂತೆ. ಆದರೆ ಮಾತಾಡುವುದಕ್ಕೆ ಉಳಿದಿರುವುದೇನು, ನಿನ್ನೆ ರಕ್ತ ಕೊಟ್ಟು ಬರುವಾಗಲೇ ಮರಿ ಡಾಕ್ಟರು ಎಲ್ಲ ಹೇಳಿ ಮುಗಿಸಿದ್ದ. ಅವನು ಹೊಸಬ, ಮೀಸೆ ಈಗಷ್ಟೇ ಗಟ್ಟಿಯಾಗುತ್ತಿರುವವನು, ಕೈಯಲ್ಲಿ ಫೈಲು ಹಿಡಿದು ಓಡಾಡುವಾಗ ಹಿಂದಿನಿಂದ ಬಂದು ಭುಜ ಮುಟ್ಟಿದ್ದ. "ಕ್ಯಾಮೆರಾ ಹಾಕಿ ಚೂರು ತೆಗೆದಿದ್ವಲ್ಲ, ಅದರ ರಿಪೋರ್ಟ್ ಬಂತು. ಮೂತ್ರದ ಚೀಲ ಇಟ್ಕೋಬೇಕು ಅಂತ ತೀರ್ಮಾನ ಆಗಿದೆ. ನಾಳೆ ಮೇಡಂ ಎಲ್ಲಾ ಹೇಳ್ತಾರೆ, ಆಯ್ತಾ?" ಹೇಳಿ ಹಲ್ಲು ಕಾಣುವ ಹಾಗೆ ನಕ್ಕಿದ್ದ. ಆ ನಗುವನ್ನು ಶೇಡಪ್ಪ ರಾತ್ರಿಯಿಂದ ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದಾನೆ. ಇಂಥ ಮಾತು ಹೇಳುವಾಗ ನಗಬೇಕು ಎಂದು ಅವರಿಗೆ ಕಾಲೇಜಿನಲ್ಲಿ ಕಲಿಸುತ್ತಾರೇನೋ. "ಸರಿ ಡಾಕ್ಟ್ರೇ," ಎಂದು ತಾನೂ ನಕ್ಕಿದ್ದ. ಅದು ಇನ್ನೂ ಅಸಹ್ಯವಾಗಿತ್ತು. ಹೊಟ್ಟೆಗೆ ತೂತು ಕೊರೆದು, ಹೊರಗಡೆ ಚೀಲ ಅಂಟಿಸಿ, ಬದುಕಿರುವವರೆಗೂ ಅದನ್ನು ಹೊತ್ತು ತಿರುಗು ಎಂದವನಿಗೆ ತಾನು ಮದುವೆಗೆ ಕರೆದವರಿಗೆ ನಕ್ಕ ಹಾಗೆ ನಕ್ಕು ಬಂದಿದ್ದ.

ನಿನ್ನೆ ರಾತ್ರಿ ಹೆಂಡತಿಗೆ ಹೇಳಿದಾಗ ಅವಳು ಅಳಲಿಲ್ಲ. "ಚೀಲ ಇಟ್ಕೋಬೇಕಂತೆ," ಎಂದ. "ಅಯ್ಯೋ, ಹಾಗಾದ್ರೆ ಇಷ್ಟು ದಿನ ಗಡ್ಡೆಗೆ ಕೊಡಿಸಿದ ಕರೆಂಟು?" ಎಂದಳು. "ದಂಡ," ಎಂದ. ಅವಳು ಒಲೆ ಆರಿಸಿ, ಕೈ ಒರೆಸಿಕೊಂಡು, ಬೀರುವಿನ ಕೆಳಗಿನ ಅರೆಯಿಂದ ಬಟ್ಟೆಯ ಗಂಟು ಎಳೆದಳು. ಶೇಡು ತಪ್ಪಿ ಕಾರ್ಖಾನೆಯಲ್ಲಿ ಬಿಸಾಡುವ ತುಂಡುಗಳನ್ನು ಅವನು ಮನೆಗೆ ತರುವುದು ಮದುವೆಯಾದಾಗಿನಿಂದ ನಡೆದು ಬಂದದ್ದು. ಮನೆಯ ಪರದೆ, ದಿಂಬಿನ ಚೀಲ, ಕೈಚೌಕ ಎಲ್ಲವೂ ಒಂದೊಂದು ಕೂದಲೆಳೆ ತಪ್ಪಿದ ಬಣ್ಣದವು. ಒಂದು ಕಂದು ತುಂಡು ಆರಿಸಿ ಹೊಲಿಗೆ ಯಂತ್ರದ ಮುಂದೆ ಕೂತಳು. "ಏನು ಮಾಡ್ತಿದ್ದೀಯ?" "ಪ್ಲಾಸ್ಟಿಕ್ಕು ಮೈಗೆ ತಾಗಿದ್ರೆ ಬೆವರುತ್ತೆ. ಅದಕ್ಕೊಂದು ಗೌಸು ಇರ್ಲಿ. ಅಗಲ ಎಷ್ಟಿರುತ್ತೆ?" ಅವನಿಗೆ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕಂಡದ್ದನ್ನು ನೆನಪಿಸಿಕೊಂಡು ಕೈಯಲ್ಲಿ ತೋರಿಸಿದ. ಅವಳು ಯಂತ್ರ ತುಳಿಯತೊಡಗಿದಳು. ಆ ಸದ್ದಿಗೆ ಅವನಿಗೆ ಎದ್ದು ಹೋಗಿ ಅವಳ ಕೈ ಹಿಡಿದು ನಿಲ್ಲಿಸಬೇಕು ಅನ್ನಿಸಿತು. ನಿಲ್ಲಿಸಿ ಹೇಳುವುದೇನು? ಈ ಹಾದಿ ಹಿಡಿದದ್ದು ತಾನು ಎಂದೇ? ಅದು ಅವಳಿಗೆ ಗೊತ್ತಿಲ್ಲವೇ?

ಮೊದಲ ಸಲ ಬ್ಲ್ಯಾಡರಿನ ಗಡ್ಡೆ ಕೆರೆದು ತೆಗೆದ ಮೇಲೆ ಡಾಕ್ಟರಮ್ಮ ಮೇಜಿನ ಮೇಲೆ ಎರಡು ಕೈಯನ್ನೂ ಚಾಚಿ ಇಟ್ಟಿದ್ದರು, ತಕ್ಕಡಿಯ ಹಾಗೆ. ಒಂದು ಕೈ: ಬ್ಲ್ಯಾಡರನ್ನೇ ತೆಗೆದುಹಾಕುವುದು, ಹೊಟ್ಟೆಯ ಮೇಲೆ ಚೀಲ ಇಡುವುದು. ಇನ್ನೊಂದು ಕೈ: ಕರೆಂಟು, ಅಂದರೆ ರೇಡಿಯೇಷನ್ನು, ಅದರ ಜೊತೆಜೊತೆಗೇ ಕೀಮೋ ಹನಿಸುವುದು, ಎರಡೂ ಕೂಡಿದರೆ ಒಂದಕ್ಕೊಂದು ಬಲ. "ಎಲ್ಲರಿಗೂ ಇದನ್ನ ಹೇಳಲ್ಲ. ನಿಮ್ಮದು ಒಂದೇ ಗಡ್ಡೆ, ಬೇಗ ಸಿಕ್ಕಿದೆ, ಪೂರ್ತಿ ಕೆರೆಯೋಕೆ ಆಗಿದೆ. ಪ್ರಯತ್ನ ಮಾಡಬಹುದು. ಮಧ್ಯದಲ್ಲಿ ಒಂದ್ಸಲ ಒಳಗೆ ಕ್ಯಾಮೆರಾ ಹಾಕಿ ನೋಡ್ತೀವಿ. ಹೋಗಿದ್ರೆ ಉಳಿದದ್ದು ಮುಗಿಸ್ತೀವಿ. ಇಲ್ಲಾಂದ್ರೆ ತೆಗೀತೀವಿ." ಬೇಗ ಸಿಕ್ಕಿದೆ ಎಂದಾಗ ಹೆಂಡತಿ ಅವನ ಮುಖ ನೋಡಲಿಲ್ಲ, ಗೋಡೆ ನೋಡಿದಳು. ಭಾವಮೈದ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತು, "ಬುಡಸಮೇತ ಕಿತ್ತು ಬಿಸಾಕ್ಸಿ ಭಾವ, ಅದನ್ನ ಇಟ್ಕೊಂಡು ಏನು ಪೂಜೆ ಮಾಡ್ತೀರಾ?" ಎಂದಿದ್ದ. ಅವನು ಆಗ ದೊಡ್ಡ ದೊಡ್ಡ ಮಾತಾಡಿದ. ಹೊಸ ವಿಧಾನ, ಡಾಕ್ಟರೇ ಹೇಳಿದ್ದಾರೆ, ಕಿತ್ತರೆ ಮತ್ತೆ ಅಂಟಿಸಲು ಬರುತ್ತದೆಯೇ. ಒಳಗಿನ ಕಾರಣ ಮಾತ್ರ ಬೇರೆ. ಚೀಲ ತಗುಲಿಸಿಕೊಂಡು ಹೆಂಡತಿಯ ಪಕ್ಕದಲ್ಲಿ ಮಲಗುವುದು, ಬೆಳಕಿನ ಪೆಟ್ಟಿಗೆಯ ಮುಂದೆ ಬಗ್ಗಿದಾಗ ಅದು ಚೊಳ್ಳೆನ್ನುವುದು, ಕಡಾಯಿಯವನು ಮೂಗು ಅರಳಿಸುವುದು. ಜೀವದ ಭಯಕ್ಕಿಂತ ಆ ಮೂಗಿನ ಭಯ ದೊಡ್ಡದಾಗಿತ್ತು. ಶೋಕಿ, ಬೇರೇನಲ್ಲ. ಶೋಕಿಗೆ ಬಿದ್ದು ಇಷ್ಟು ವಾರ ಕಳೆದ. ಈಗ ಅದೂ ಹೋಯಿತು, ಇದೂ ಬಂತು.

ಮಧ್ಯಾಹ್ನ ಹೆಂಡತಿ ಕಾರ್ಖಾನೆಯ ಗೇಟಿಗೆ ಬಂದಳು. ಬಸ್ಸಿನಲ್ಲಿ ಅವನು ಬಾಗಿಲ ಹತ್ತಿರದ ಸೀಟು ಹಿಡಿದ. ಕರೆಂಟು ಶುರುವಾದ ಮೇಲೆ ಎಲ್ಲಿ ಹೋದರೂ ಮೊದಲು ಬಾಗಿಲು, ಆಮೇಲೆ ಪಾಯಿಖಾನೆ ಎಲ್ಲಿದೆ ಎಂದು ನೋಡಿಕೊಳ್ಳುವುದು. ಒಂದು ಸಲ ನೋಡಿಕೊಂಡಿರಲಿಲ್ಲ. ಇದೇ ಬಸ್ಸು, ನಿಂತಲ್ಲೇ ಪ್ಯಾಂಟು ಬೆಚ್ಚಗಾಗಿತ್ತು. ಪಕ್ಕದ ಸೀಟಿನ ಹೆಂಗಸು ತನ್ನ ನೀರಿನ ಬಾಟಲಿ ಎತ್ತಿ ನೋಡಿಕೊಂಡಿದ್ದಳು, ಅದೇ ಸೋರಿತೇನೋ ಎಂದು. "ಸಾರಿ ಅಣ್ಣಾ, ನಮ್ಮ ಬಾಟ್ಲಿ," ಎಂದಿದ್ದಳು. "ಪರವಾಗಿಲ್ಲಮ್ಮ," ಎಂದು ಅವಳನ್ನು ಕ್ಷಮಿಸಿ ಇಳಿದಿದ್ದ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹೆಂಡತಿಯ ಕೈಚೀಲದಿಂದ ಆ ಕಂದು ಗೌಸಿನ ಲಾಡಿ ಹೊರಗೆ ಇಣುಕುತ್ತಿತ್ತು. "ಅದನ್ನೇಕೆ ತಂದೆ?" "ಅಳತೆ ನೋಡೋಕೆ." ಅವನು ಲಾಡಿಯನ್ನು ಬೆರಳಿನಿಂದ ಒಳಗೆ ತುರುಕಿದ.

ಆಸ್ಪತ್ರೆಯ ಹಜಾರದಲ್ಲಿ, ಕಾಯುವವರ ನಡುವೆ, ಕಂಡಕ್ಟರ್ ಕೂತಿದ್ದರು. ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು, ಅವನಂತೆಯೇ ಕರೆಂಟಿಗೆ ಬರುತ್ತಿರುವವರು; ಈಗಲೂ ಯಾರಾದರೂ ಎದ್ದರೆ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಕೈ ಆಡಿಸಿ ದಾರಿ ಮಾಡುವವರು. ಅವರ ಅಂಗಿಯ ಬಲಗಡೆ ಯಾವಾಗಲೂ ಸ್ವಲ್ಪ ಉಬ್ಬಿರುತ್ತದೆ. ಕರೆಂಟಿನ ಮೊದಲ ದಿನ ಅವನು ಅವರ ಪಕ್ಕದಲ್ಲೇ ಕೂತಿದ್ದ. ಒಳಗಿನ ಹುಡುಗಿ ಬಾಗಿಲಿಗೆ ಬಂದು, ಇಡೀ ಹಜಾರಕ್ಕೆ ಕೇಳಿಸುವ ಹಾಗೆ, "ಅಂಕಲ್, ಪೂರ್ತಿ ಖಾಲಿ ಮಾಡ್ಕೊಂಡು ಬನ್ನಿ" ಎಂದು ಕೂಗಿದ್ದಳು. ತಲೆ ತಗ್ಗಿಸಿದವನ ಕಣ್ಣಿಗೆ ಆ ಉಬ್ಬು ಬಿದ್ದಿತ್ತು, ಅದರ ಕೆಳಗಿನ ಪ್ಲಾಸ್ಟಿಕ್ ಮೂಲೆಯೂ. ಖಾಲಿ ಮಾಡಿಕೊಂಡು ಬಂದು ಅವನು ಎರಡು ಕುರ್ಚಿ ಆಚೆಗೆ ಕೂತ. ಕಂಡಕ್ಟರ್ ಅವನ ಕಡೆ ಬಾಗಿ, "ವಾಸನೆ ಬರಲ್ಲ ಕಣಪ್ಪಾ. ನಾನೇ ಮೂಸಿ ನೋಡ್ಕೊಂಡಿದ್ದೀನಿ," ಎಂದಿದ್ದರು. ಅವನು ಫ್ಯಾನಿನ ಗಾಳಿ ಇತ್ತ ಚೆನ್ನಾಗಿದೆ ಎಂದು ಏನೋ ಒದರಿದ. ಫ್ಯಾನು ತಿರುಗುತ್ತಿರಲಿಲ್ಲ. ಆಮೇಲೆ ಒಳಗೆ, ತಣ್ಣನೆ ಮೇಜಿನ ಮೇಲೆ, ಪ್ಯಾಂಟು ತೊಡೆಗೆ ಇಳಿಸಿಕೊಂಡು ಮಲಗಿದಾಗ ಹುಡುಗಿಯರು ಕಿಬ್ಬೊಟ್ಟೆಯ ಮೇಲೆ ಗುರುತು ಹಾಕಿ, "ಅಲ್ಲಾಡ್ಬೇಡಿ" ಎಂದು ಹೊರಗೆ ಓಡಿಹೋದರು. ದಪ್ಪ ಬಾಗಿಲು ಮುಚ್ಚಿತು. ಯಂತ್ರ ಗುಂಯ್‌ಗುಟ್ಟುತ್ತ ಅವನ ಸುತ್ತ ತಿರುಗಿತು. ಆಗ ಅವನಿಗೆ ನೆನಪಾದದ್ದು ದೇವರಲ್ಲ, ತಿರುಗದ ಫ್ಯಾನು.

ಇವತ್ತು ಅವನು ಹೋಗಿ ಕಂಡಕ್ಟರರ ಪಕ್ಕದಲ್ಲೇ ಕೂತ. ಹೆಂಡತಿ ಆಚೆಗೆ ಕೂತಳು.

"ಏನಪ್ಪಾ, ಇವತ್ತು ಗಾಳಿ ಇಲ್ಲೇ ಚೆನ್ನಾಗಿದೆಯೋ?" ಎಂದರು ಕಂಡಕ್ಟರ್.

"ನನಗೂ ಚೀಲ ಇಡ್ತಾರಂತೆ," ಎಂದ ಅವನು. ಹೊರಗಿನವರ ಹತ್ತಿರ ಆ ಮಾತು ಇಷ್ಟು ಸುಲಭವಾಗಿ ಬಂದದ್ದು ಅವನಿಗೇ ಆಶ್ಚರ್ಯ.

ಕಂಡಕ್ಟರ್ ನಗಲಿಲ್ಲ. ಅವನ ಮೊಣಕಾಲಿನ ಮೇಲೆ ಕೈ ಇಟ್ಟರು. "ಹೆದರ್ಬೇಡ. ನಾನು ಸರ್ವೀಸೆಲ್ಲಾ ಚೀಲ ಹಾಕ್ಕೊಂಡೇ ದುಡಿದವನು. ರಿಟೈರಾದ ದಿನ ಅದನ್ನ ಕಿತ್ಕೊಂಡ್ರು. ಇವರು ಇನ್ನೊಂದು ಕೊಟ್ರು. ಇದಕ್ಕೆ ಚಿಲ್ಲರೆ ಕೊಡೋ ಕಷ್ಟ ಇಲ್ಲ."

ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅವನು ಕೇಳತೊಡಗಿದ. ಡಾಕ್ಟರ ಹತ್ತಿರ ಒಂದು ಪ್ರಶ್ನೆಯನ್ನೂ ಕೇಳದವನು ಇಲ್ಲಿ ಒಂದಾದ ಮೇಲೆ ಒಂದು ಕೇಳಿದ. ಮಲಗುವುದು ಹೇಗೆ, ಸ್ನಾನ, ಕೆಮ್ಮಿದರೆ ಕಿತ್ತುಬರುತ್ತದೆಯೇ. "ಅರ್ಧ ತುಂಬೋಕೆ ಬಿಡ್ಬೇಡ, ಭಾರಕ್ಕೆ ಜಗ್ಗುತ್ತೆ. ಮಲಗೋವಾಗ ಉದ್ದ ಪೈಪು ಸಿಕ್ಕಿಸಿ ಕೆಳಗಡೆ ದೊಡ್ಡ ಚೀಲಕ್ಕೆ ಬಿಡು, ಎದ್ದು ಓಡೋದು ತಪ್ಪುತ್ತೆ. ನಮ್ಮ ಮನೆಯವಳಿಗೆ ಹೊಟ್ಟೆಕಿಚ್ಚು, ಅವಳು ಮಾತ್ರ ಏಳ್ಬೇಕಲ್ಲ." ದನಿ ತಗ್ಗಿಸಿ ಹೇಳಿದರು: "ಮೊದಮೊದಲು ಅಳು ಬರುತ್ತೆ. ಬರ್ಲಿ. ನಾನು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದೆ. ನನ್ನ ಗಡ್ಡೆ ಬ್ಲ್ಯಾಡರ್ ಗೋಡೆ ದಾಟಿ ಹೋಗಿತ್ತು ಕಣಪ್ಪಾ, ಉಳಿಸೋ ಮಾತೇ ಇರ್ಲಿಲ್ಲ. ನಿನಗೆ ಉಳೀಬಹುದು ಅಂತ ನಾನು ಅಂದ್ಕೊಂಡಿದ್ದೆ." ತಾನು ಎರಡು ಕುರ್ಚಿ ಆಚೆ ಹೋಗಿ ಕೂತಿದ್ದ ದಿನಗಳಲ್ಲೆಲ್ಲ ಈ ಮನುಷ್ಯ ಅದನ್ನು ಅಂದುಕೊಳ್ಳುತ್ತಿದ್ದರು.

ಕರೆದರು. ಡಾಕ್ಟರಮ್ಮ ಫೈಲಿನ ಮೇಲೆ ಕನ್ನಡಕ ಇಟ್ಟು ತಲೆ ಎತ್ತಿದರು. ಪಕ್ಕದಲ್ಲಿ ಮರಿ ಡಾಕ್ಟರು, ಅದೇ ನಗು.

"ಕೂತ್ಕೊಳ್ಳಿ. ಇವರು ನಿನ್ನೇನೇ ಹೇಳಿದಾರಲ್ಲ? ಹಾಗಾದ್ರೆ ಉಳಿದ ಕರೆಂಟನ್ನ ನಾಳೆಯಿಂದ ಶುರು ಮಾಡೋಣ. ಕೀಮೋನೂ ಜೊತೆಗೇ."

ಅವನಿಗೆ ಅದು ಕೇಳಿಸಿತು, ಒಳಗೆ ಇಳಿಯಲಿಲ್ಲ. ಬಸ್ಸಿನಿಂದಲೂ ಕಟ್ಟಿಕೊಂಡು ಬಂದ ಪ್ರಶ್ನೆ ಬಾಯಲ್ಲಿ ಸಿದ್ಧವಾಗಿತ್ತು. "ಮೇಡಂ, ಚೀಲ ಯಾವ ಕಡೆಗೆ ಬರುತ್ತೆ? ಬಲಗಡೆ ಆದ್ರೆ ಕಷ್ಟ. ಕೆಲಸದಲ್ಲಿ ನಾನು ಆ ಕಡೇನೇ ಮೇಜಿಗೆ ಒರಗೋದು."

"ಯಾವ ಚೀಲ?"

"ಮೂತ್ರದ ಚೀಲ. ಇಟ್ಕೋಬೇಕು ಅಂದ್ರಲ್ಲ ಇವರು."

ಡಾಕ್ಟರಮ್ಮ ನಿಧಾನವಾಗಿ ಮರಿ ಡಾಕ್ಟರ ಕಡೆ ತಿರುಗಿದರು. ಅವನ ಮುಖದ ನಗು ಅಲ್ಲೇ ಇತ್ತು, ಆದರೆ ಯಜಮಾನರಿಲ್ಲದ ಮನೆಯ ಹಾಗೆ. "ನಮ್ಮ ಭಾಷೇಲೇ ಹೇಳೋಣ ಅಂತ ಮೇಡಂ... ಬ್ಲ್ಯಾಡರ್ ಅಂದ್ರೆ ಮೂತ್ರದ ಚೀಲ ಅಲ್ವಾ? ಇಟ್ಕೋಬೇಕು ಅಂದ್ರೆ... ಇರೋದನ್ನೇ ಇಟ್ಕೋಬೇಕು ಅಂತ. ತೆಗೀಬಾರ್ದು ಅಂತ."

"ಒಳಗೆ ಏನೂ ಇಲ್ಲಪ್ಪ," ಎಂದರು ಡಾಕ್ಟರಮ್ಮ, ಒಂದೊಂದೇ ಮಾತನ್ನು ಮೇಜಿನ ಮೇಲೆ ಇಟ್ಟ ಹಾಗೆ. "ಕ್ಯಾಮೆರಾದಲ್ಲಿ ಏನೂ ಕಾಣಲಿಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ವಲ್ಲ, ಅದರಲ್ಲೂ ಏನೂ ಸಿಕ್ಕಿಲ್ಲ. ನಿಮ್ಮ ಬ್ಲ್ಯಾಡರ್ ನಿಮ್ಮ ಹತ್ರಾನೇ ಇರುತ್ತೆ. ಆದ್ರೆ ಬಿಟ್ಟುಬಿಡೋ ಹಾಗಿಲ್ಲ, ಇನ್ನು ಮೇಲೂ ಆಗಾಗ ಒಳಗೆ ನೋಡ್ತಾನೇ ಇರ್ಬೇಕು. ಮತ್ತೆ ತಲೆ ಎತ್ತಿದ್ರೆ ತೆಗೆಯೋ ದಾರಿ ಇದ್ದೇ ಇದೆ. ಅರ್ಥ ಆಯ್ತಾ?"

ಅವನು ತಲೆ ಆಡಿಸಿದ. ಮೊದಲು ಸಂತೋಷವಾಗಲಿಲ್ಲ. ನಿನ್ನೆಯಿಂದ ಚೀಲ ಹೊತ್ತುಕೊಂಡೇ ತಿರುಗಿದವನಿಗೆ ಅದನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. ಬಲಗಡೆಯ ಹೊಟ್ಟೆಯನ್ನು ಅಂಗಿಯ ಮೇಲಿಂದ ಮುಟ್ಟಿಕೊಂಡ. ಸಪಾಟಾಗಿತ್ತು. ಹೆಂಡತಿಯ ಕಡೆ ನೋಡಿದ. ಅವಳ ಕಣ್ಣು ತುಂಬಿತ್ತು, ಬಾಯಿ ಮಾತ್ರ ಜಗಳಕ್ಕೆ ನಿಂತಿತ್ತು. "ನಿಮ್ಮ ಬಾಯೇನು ಬಾಡಿಗೆಗೆ ಕೊಟ್ಟಿದ್ರಾ? ಎಲ್ಲಿ ಇಟ್ಕೋಬೇಕು, ಹೇಗೆ ಇಟ್ಕೋಬೇಕು ಅಂತ ಒಂದು ಮಾತು ಕೇಳೋಕೆ ಏನಾಗಿತ್ತು? ಯಾವತ್ತೂ ಇಷ್ಟೇ. ಏನನ್ನೂ ಕೇಳಲ್ಲ, ಏನನ್ನೂ ಹೇಳಲ್ಲ. ಆವತ್ತೂ ಅಷ್ಟೇ, ದೀಪ ಆರಿಸ್ಕೊಂಡು ಹೋಗೋರು. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ರಾ?" ಕಾಯಿಲೆ ಬಂದಮೇಲೆ ಅವನ ಹತ್ತಿರ ಯಾರಾದರೂ ಸೋಲದೆ ಮಾತಾಡಿದ್ದು ಇದೇ ಮೊದಲು. ಅವನಿಗೆ ನಗು ಬಂತು. ಡಾಕ್ಟರಮ್ಮನ ಮುಂದೆ, ಮರಿ ಡಾಕ್ಟರ ಮುಂದೆ, ಮೂಗು ಒರೆಸಿಕೊಳ್ಳುತ್ತ ನಕ್ಕ. "ಬೈಯಮ್ಮ, ಇನ್ನೂ ಬೈ," ಎಂದ. ನಕ್ಕಿದ್ದಕ್ಕೆ ಕೆಳಗೆ ಒತ್ತಡ ಬಂದು, ಕೈಯಲ್ಲೇ ಕ್ಷಮೆ ಕೇಳಿ ಎದ್ದು ಓಡಿದ.

ಆಸ್ಪತ್ರೆಯ ಪಾಯಿಖಾನೆಯಲ್ಲಿ ದೀಪದ ಗುಂಡಿ ಹುಡುಕಿ ಹಾಕಿದ. ಉರಿಯಿತು, ಕರೆಂಟಿನ ಉರಿ, ಗೊತ್ತಿದ್ದದ್ದೇ. ಹಲ್ಲು ಕಚ್ಚಿ ನಿಂತ. ನಿಂತು, ಬಗ್ಗಿ ನೋಡಿದ, ಗಿರಾಕಿಯ ಮಾದರಿ ನೋಡುವ ಹಾಗೆ, ಆತುರವಿಲ್ಲದೆ. ಹಳದಿ. ಕೆಂಪಿಗೆ ವಾಲಿರಲಿಲ್ಲ. ಯಾವ ಕಡೆಗೂ ವಾಲದ, ಊರಿನ ಯಾರದ್ದಾದರೂ ಆಗಬಹುದಾದ ಬಡ ಹಳದಿ. ಒಪ್ಪಿತು, ಅಂದುಕೊಂಡ. ನೀರು ಬಿಡುವುದಕ್ಕೆ ಮನಸ್ಸಾಗದೆ ಇನ್ನೂ ಸ್ವಲ್ಪ ಹೊತ್ತು ನಿಂತ. ಹೊರಗೆ ಯಾರೋ ಬಾಗಿಲು ಬಡಿದರು. "ಬಂದೆ," ಎಂದ, ಮನೆಯ ಯಜಮಾನನ ಗತ್ತಿನಲ್ಲಿ.

ಹಜಾರಕ್ಕೆ ಬಂದಾಗ ಕಾಲು ನಿಧಾನವಾಯಿತು. ಈಗ ಕಂಡಕ್ಟರರಿಗೆ ಹೇಳಬೇಕು. ನನ್ನದು ಉಳಿಯಿತು ಎನ್ನುವುದು, ನಿಮ್ಮದು ಹೋಯಿತು ಎಂದು ಹೇಳಿದ ಹಾಗೇ ಅಲ್ಲವೇ. ಅವರ ಮೊಣಕಾಲಿಗೆ ತನ್ನ ಮೊಣಕಾಲು ತಾಗಿಸಿ ಕೂತು ಎಲ್ಲ ಪಾಠ ಹೇಳಿಸಿಕೊಂಡು, ಈಗ ಮತ್ತೆ ಆಚೆಯ ಕುರ್ಚಿಗೆ ಎದ್ದು ಹೋಗುವುದು. ಆದರೆ ಹೆಂಡತಿ ಅವನಿಗಿಂತ ಮುಂಚೆ ಅಲ್ಲಿದ್ದಳು. ಕಂಡಕ್ಟರ್ ಕೈಯಲ್ಲಿ ಕಂದು ಗೌಸು ಹಿಡಿದು, ಲಾಡಿ ಎಳೆದು ನೋಡುತ್ತ ಹೊಟ್ಟೆ ಕುಲುಕಿಸಿ ನಗುತ್ತಿದ್ದರು.

"ಬಾರಪ್ಪಾ ಬಾ! ಅಷ್ಟೊತ್ತು ನನ್ನ ಬಾಯಿ ನೋಯಿಸಿ, ಕೊನೇಗೆ ಟಿಕೆಟ್ಟೇ ತಗೊಳ್ಳದೆ ಇಳಿದುಬಿಟ್ಯಲ್ಲಯ್ಯಾ!"

ಕಂಡಕ್ಟರ್ ನಗು ನಿಲ್ಲಿಸಿ ಅವನನ್ನು ನೋಡಿದರು. "ನಾನು ಅಂದ್ಕೊಂಡಿದ್ದೇ ಆಯ್ತು ನೋಡು," ಎಂದರು, ಮೆಲ್ಲಗೆ. ಆಮೇಲೆ ಗೌಸನ್ನು ತಮ್ಮ ಪ್ಯಾಂಟಿನ ಮೇಲೆ ಹರಡಿದರು. "ನಿನ್ನ ಹೆಂಡತಿ ಇದನ್ನ ನನಗೆ ಕೊಟ್ಟಳು. ಅಳತೆ ಸರಿಯಾಗಿದೆ. ಪ್ಯಾಂಟಿಗೂ ಮ್ಯಾಚಾಗುತ್ತೆ, ಅಲ್ವಾ?"

ಅವನು ಬಗ್ಗಿ ನೋಡಿದ. ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ ಕಂದಾಗಿ ಕಾಣುತ್ತಿದ್ದವು, ಅಂಚೇ ಇರಲಿಲ್ಲ. "ಇಲ್ಲಿ ಹೇಳೋಕಾಗಲ್ಲ," ಎಂದ. "ಈ ದೀಪ ಸುಳ್ಳು ಹೇಳುತ್ತೆ. ಬಿಸಿಲಲ್ಲಿ ನೋಡ್ಬೇಕು."

"ಶುರುವಾಯ್ತು," ಎಂದಳು ಹೆಂಡತಿ.

"ನಡಿ ಹಾಗಾದ್ರೆ," ಎಂದು ಕಂಡಕ್ಟರ್ ಅವನ ಭುಜ ಹಿಡಿದು ಎದ್ದರು. "ಮುಂದೆ ಹೋಗಿ, ಮುಂದೆ ಹೋಗಿ," ಎಂದು ಕೈ ಆಡಿಸುತ್ತ ಕಾಯುವವರ ನಡುವೆ ದಾರಿ ಮಾಡಿದರು. ಮೂವರೂ ಬಾಗಿಲಾಚೆಯ ಮೆಟ್ಟಿಲಿಗೆ ಬಂದರು. ಅಲ್ಲಿ ಮಧ್ಯಾಹ್ನದ ಬಿಸಿಲು ನೆಟ್ಟಗೆ ಬೀಳುತ್ತಿತ್ತು. ಅವನು ಮೊಣಕಾಲೂರಿ ಕೂತು, ಹೋಗಿಬರುವವರ ಕಾಲುಗಳ ನಡುವೆಯೇ, ಗೌಸಿನ ಅಂಚನ್ನು ಕಂಡಕ್ಟರರ ಪ್ಯಾಂಟಿಗೆ ತಾಗಿಸಿ ಹಿಡಿದ.

"ಏನಂತೆ?"

"ಕೂದಲೆಳೆಯಷ್ಟು ತಪ್ಪಿದೆ," ಎಂದ ಅವನು. "ನಾಳೆ ಕರೆಂಟಿಗೆ ಬರ್ತೀನಲ್ಲ, ಬೇರೆ ತುಂಡು ತರ್ತೀನಿ."